ಕಿವಿಗೆ ಬೀಳದವರ ಕೂಗು

ಮುಸ್ಸಂಜೆ ಹೊತ್ತು ಮನೆಯೊಳಗೆ ಬಾವಲಿ ನುಗ್ಗಿದರೆ ಅಪಶಕುನವೆಂದು ಮೊದಲು ಪೊರಕೆ ಹಿಡಿಯುವವರು ನಾವು ಹೆಂಗಸರೇ. ಅದಕ್ಕೇ ಈ ಮಾತನ್ನು ನಮ್ಮವರಿಗೇ ಮೊದಲು ಹೇಳಬೇಕೆನಿಸಿದೆ. ಬಾವಲಿಗೆ ಕಣ್ಣಿಲ್ಲ, ಅದು ಜಡೆಗೆ ಸಿಕ್ಕಿಕೊಳ್ಳುತ್ತದೆ, ರಕ್ತ ಹೀರುತ್ತದೆ ಎನ್ನುತ್ತಾರಲ್ಲ, ಮೂರೂ ಸುಳ್ಳು. ಅದಕ್ಕೆ ಕಣ್ಣಿದೆ. ರಕ್ತ ಹೀರುವ ಜಾತಿಗಳು ಜಗತ್ತಿನಲ್ಲಿ ಮೂರೇ ಮೂರು, ಅವೂ ಅಮೆರಿಕ ಖಂಡಗಳಲ್ಲಿ. ಹುಳ ಹಿಡಿಯುವ ನಮ್ಮ ಪುಟ್ಟ ಬಾವಲಿಗಳು ಕತ್ತಲಲ್ಲಿ ಕೂಗುತ್ತ ಹಾರುತ್ತವೆ. ಆ ಕೂಗು ಹುಳಕ್ಕೋ ಗೋಡೆಗೋ ಬಡಿದು ಮರಳಿದಾಗ ದಾರಿ, ದೂರ, ಆಹಾರ ಎಲ್ಲವೂ ಅವಕ್ಕೆ ತಿಳಿಯುತ್ತದೆ. ಅಷ್ಟು ಚುರುಕು ಕಿವಿಯ ಪ್ರಾಣಿ ನಿಮ್ಮ ಜಡೆಗೇಕೆ ಸಿಕ್ಕಿಕೊಂಡೀತು?

ಮನುಷ್ಯನ ಕಿವಿಗೆ 20 ಕಿಲೋಹರ್ಟ್ಸ್ ದಾಟಿದ ಸದ್ದು ಕೇಳಿಸದು. ಡೊನಾಲ್ಡ್ ಗ್ರಿಫಿನ್ ಎಂಬ ಅಮೆರಿಕದ ವಿದ್ಯಾರ್ಥಿ 1938ರಲ್ಲಿ ಯಂತ್ರವಿಟ್ಟು ಕೇಳುವವರೆಗೂ ಬಾವಲಿ ಮೂಕವಾಗಿ ಹಾರುತ್ತದೆಂದೇ ಜನ ನಂಬಿದ್ದರು. ಈಗ ಬ್ಯಾಟ್ ಡಿಟೆಕ್ಟರ್ ಎಂಬ ಕೈಯಲ್ಲಿ ಹಿಡಿಯುವ ಉಪಕರಣ ಆ ಕೂಗನ್ನು ನಮಗೆ ಕೇಳುವಂತೆ ಇಳಿಸಿಕೊಡುತ್ತದೆ. ಎಷ್ಟೋ ಜಾತಿಗಳನ್ನು ಹಿಡಿಯದೆ, ಕೊಲ್ಲದೆ, ದನಿಯಿಂದಲೇ ಗುರುತಿಸಬಹುದು.

ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಎಲೆಮೂಗಿನ ಬಾವಲಿಯೊಂದಿದೆ. 1994ರಲ್ಲಷ್ಟೇ ಅದಕ್ಕೆ ವಿಜ್ಞಾನದ ಹೆಸರು ಬಂತು. ಅದರ ಕೂಗು 100 ಕಿಲೋಹರ್ಟ್ಸ್‌ಗೂ ಮೇಲೆ. ಇನ್ನೂರಕ್ಕಿಂತ ಕಡಿಮೆ ಉಳಿದಿವೆಯೆಂಬ ಎಣಿಕೆಯಾದ ಮೇಲೆ 2016ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಕಾರಣವೇನು ಗೊತ್ತೇ? ಕಲ್ಲುಗಣಿ. ಯಾರದೋ ಅಡುಗೆಮನೆಯ ಗ್ರಾನೈಟ್ ಕಟ್ಟೆಗಾಗಿ ಒಂದು ಕುಲವೇ ಮುಗಿಯಬೇಕೆ?

ನಮ್ಮ ಪಕ್ಕದ ಜಿಲ್ಲೆಯ ಕಥೆಯೂ ಇದೆ. ಖಾನಾಪುರದ ಕಾಡಿನ ಬಾರಾಪೇಡೆ ಗುಹೆಯಲ್ಲಿ 1912ರಲ್ಲಿ ಕಂಡ ರಾಟನ್ ಬಾವಲಿಗೆ ದಶಕಗಟ್ಟಲೆ ಜಗತ್ತಿನಲ್ಲಿ ಅದೊಂದೇ ಮನೆಯೆಂದು ತಿಳಿದಿದ್ದರು. ಮೇಘಾಲಯ, ಕಾಂಬೋಡಿಯಾಗಳಲ್ಲಿ ಸಿಕ್ಕಿದ್ದು ಆಮೇಲೆ. ಅದರ ಕೂಗು ಸುಮಾರು 15 ಕಿಲೋಹರ್ಟ್ಸ್. ಯಂತ್ರವೇ ಬೇಡ. ಐವತ್ತು ದಾಟಿದ ನನ್ನ ಕಿವಿಗೆ ಕಷ್ಟವಾದರೂ ನನ್ನ ಶಾಲೆಯ ಮಕ್ಕಳಿಗೆ ಕೇಳೀತು.

ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಗೋಕರ್ಣದ ಓಂ ಬೀಚಿಗೆ ಕರೆದೊಯ್ದಿದ್ದೆ. ಅಲ್ಲಿ ತಂಗುವ ಮನೆಯೊಂದರವರು ಮಾಡಿನ ಬಾವಲಿಗಳನ್ನು ಓಡಿಸಲು ಹೊಗೆ ಹಾಕಿದ್ದರು. ಇನ್ನೂ ಹಾರಲು ಕಲಿಯದ ಮರಿಗಳು ಕೆಳಗೆ ಬಿದ್ದಿದ್ದವು. "ಅಕ್ಕೋರೇ, ಅವು ಕೂಗಲಿಲ್ವಾ?" ಅಂದಳು ಒಬ್ಬಳು. "ಕೂಗಿರ್ತವೆ ತಂಗಿ, ನಮಗೆ ಕೇಳಲಿಲ್ಲ" ಅಂದೆ. ಹೆಚ್ಚಿನ ಬಾವಲಿಗಳು ವರ್ಷಕ್ಕೆ ಹೆರುವುದು ಒಂದೇ ಮರಿ. ಅದು ಬಾಣಂತಿಯರ ಕೋಣೆಗೆ ಹೊಗೆ ಹಾಕಿದಂತೆ.

ನಿಫಾ ತರುತ್ತದಲ್ಲ ಎನ್ನುತ್ತೀರಿ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಸಾವುಗಳಾದದ್ದು ನಿಜ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಆ ವೈರಸ್ ಇರುವುದೂ ನಿಜ. ಹಾಗಾದರೆ ಕಚ್ಚಿದ ಹಣ್ಣು ತಿನ್ನಬೇಡಿ, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮರ ಕಡಿದು ಅವನ್ನು ದಿಕ್ಕಾಪಾಲು ಮಾಡಿದರೆ ರೋಗ ಹೋಗುವುದಿಲ್ಲ, ಬಾವಲಿ ಬೇರೆ ಊರಿಗೆ ಹೋಗುತ್ತದೆ. ಗೇರುಹಣ್ಣು ಒಯ್ದು ಬೀಜ ಉದುರಿಸುವುದೂ ಇವೇ, ಕಡಲತೀರದ ಹೊನ್ನೆಯ ಬೀಜ ಬಿತ್ತುವುದೂ ಇವೇ. ಸರ್ಕಾರವೇ 2022ರ ತಿದ್ದುಪಡಿಯಲ್ಲಿ ಉಪದ್ರವಿ ಪ್ರಾಣಿಗಳ ಪಟ್ಟಿಯನ್ನು ಕಾನೂನಿನಿಂದ ತೆಗೆದುಹಾಕಿತು. ನಮ್ಮ ಮನಸ್ಸಿನ ಪಟ್ಟಿ ಮಾತ್ರ ಹಾಗೇ ಇದೆ.

ಹೆಂಗಸರಿಗೆ ಇದಕ್ಕಿಂತ ದೊಡ್ಡ ಕಷ್ಟಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ. ಆದರೆ ಕೇಳಿಸದಿದ್ದರೆ ನೋವೇ ಇಲ್ಲವೆಂದು ತೀರ್ಮಾನಿಸುವ ಗಂಡಸರ ನಡುವೆ ಬಾಳಿದ ನಾವೂ ಅದನ್ನೇ ಮಾಡಬಾರದು. ಮನೆಗೆ ಬಾವಲಿ ಬಂದರೆ ದೀಪ ಆರಿಸಿ, ಕಿಟಕಿ ತೆರೆದು ಸುಮ್ಮನೆ ಕುಳಿತುಕೊಳ್ಳಿ. ಅದು ದಾರಿ ಹುಡುಕಿಕೊಳ್ಳುತ್ತದೆ. ಯಾಣಕ್ಕೆ ಹೋದಾಗ ಪ್ರತಿಧ್ವನಿಯ ಆಸೆಗೆ ಮಕ್ಕಳನ್ನು ಕಿರುಚಲು ಬಿಡಬೇಡಿ. ಪೊರಕೆ ಇರುವುದು ಕಸಕ್ಕೆ.