ಗಂಡ ಇರುವವರೆಗೆ ಅವ್ವನಿಗೆ ವಯಸ್ಸಾಗುವುದಿಲ್ಲವೇ?



ತಿಂಗಳ ಒಂದನೇ ತಾರೀಕು ಬೆಳಗಾದರೆ ಕೋಸಗಿಯ ಓಣಿಗಳಿಗೆ ಪಿಂಚಣಿ ಬರುತ್ತದೆ. ಸಚಿವಾಲಯದವರು ಮನೆ ಬಾಗಿಲಿಗೇ ಬಂದು, ಬೆರಳು ಒತ್ತಿಸಿಕೊಂಡು, ನಾಲ್ಕು ಸಾವಿರ ಎಣಿಸಿ ಕೊಡುತ್ತಾರೆ. ಒಳ್ಳೆಯ ಕೆಲಸ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಆ ಹೊತ್ತಿಗೆ ಮನೆಯೊಳಗೆ ಯಾರಿದ್ದಾರೆ ನೋಡಿ. ಅಜ್ಜ ಕಟ್ಟೆಯ ಮೇಲೆ ಕೂತು ಬೆರಳು ಒತ್ತುತ್ತಾರೆ. ಅವರ ಜೊತೆ ಅಷ್ಟೇ ವರ್ಷ ಹೊಲದಲ್ಲಿ ದುಡಿದು, ಮನೆಗೆ ಬಂದು ರೊಟ್ಟಿಯನ್ನೂ ತಟ್ಟಿದ ಅಜ್ಜಿ ಒಲೆಯ ಮುಂದೆ ಇರುತ್ತಾರೆ. ಅವರಿಗೂ ಅರವತ್ತು ದಾಟಿದೆ. ಪಿಂಚಣಿ ಮಾತ್ರ ಇಲ್ಲ.

ಕಾರಣ ಕೇಳಿದರೆ, ಒಂದು ಮನೆಗೆ ಒಂದೇ ಪಿಂಚಣಿ ಎನ್ನುತ್ತಾರೆ. ಅಂಗವಿಕಲರಿಗೆ, ಡಯಾಲಿಸಿಸ್‌ನಂಥ ಚಿಕಿತ್ಸೆಯಲ್ಲಿ ಇರುವವರಿಗೆ ವಿನಾಯಿತಿ ಉಂಟು. ವಯಸ್ಸಾದ ಹೆಂಡತಿಗೆ ಇಲ್ಲ. ಪಿಂಚಣಿದಾರ ಗಂಡ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಕೊಡುವ ವ್ಯವಸ್ಥೆ ಈಗ ಬಂದಿದೆ. ಅಂದರೆ ಗಂಡ ಇರುವವರೆಗೆ ಅವ್ವ ಮುದುಕಿಯೇ ಅಲ್ಲ, ಅವನು ಮಣ್ಣಿಗೆ ಹೋದ ಮೇಲೆ ಸರ್ಕಾರಕ್ಕೆ ಅವಳ ನೆರೆತ ಕೂದಲು ಕಾಣುತ್ತದೆ!

ನಿಯಮದಲ್ಲಿ ಎಲ್ಲೂ ‘ಹೆಂಗಸು’ ಎಂಬ ಮಾತಿಲ್ಲ, ಗಂಡಸಿಗೂ ಅದೇ ನಿಯಮ ಎಂದು ನಮ್ಮ ಗೆಳೆಯನೊಬ್ಬ ವಾದಿಸಿದ. ಹೌದು, ಕಾಗದದ ಮೇಲೆ ಸಮಾನವೇ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿಗಿಂತ ನಾಲ್ಕಾರು ವರ್ಷ ದೊಡ್ಡವನು. ಅರವತ್ತು ಮೊದಲು ಅವನಿಗೆ ತುಂಬುತ್ತದೆ, ಇರುವ ಒಂದು ಪಿಂಚಣಿ ಅವನ ಹೆಸರಿಗೆ ಹೋಗುತ್ತದೆ. ಹೊಲದ ಲೆಕ್ಕವೂ ಹೀಗೇ. ಹತ್ತು ಎಕರೆ ಒಣಭೂಮಿ ಮೀರಿದ ಕುಟುಂಬಕ್ಕೆ ಪಿಂಚಣಿ ಇಲ್ಲ. ಪಟ್ಟಾ ಇರುವುದು ಗಂಡನ, ಮಗನ ಹೆಸರಲ್ಲಿ. ತನ್ನದಲ್ಲದ ಹೊಲಕ್ಕಾಗಿ ಅವ್ವ ಪಿಂಚಣಿ ಕಳೆದುಕೊಳ್ಳಬೇಕು.

ಇನ್ನು ವಯಸ್ಸಿನ ಕಥೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಾಯಂದಿರ ಹುಟ್ಟಿದ ವರ್ಷವನ್ನು ಆಧಾರ್ ಮಾಡಿದವರು ಮುಖ ನೋಡಿ ಬರೆದರು. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ವರ್ಷ, ಕಾರ್ಡಿನಲ್ಲಿ ಇನ್ನೊಂದು. ನಾಲ್ಕು ವರ್ಷ ಚಿಕ್ಕವರೆಂದು ಬರೆದಿದ್ದರೆ ನಲವತ್ತೆಂಟು ತಿಂಗಳ ಪಿಂಚಣಿ ಹೋಯಿತು. ಈಗಿನ ದರದಲ್ಲಿ 1,92,000 ರೂಪಾಯಿ.

ಗುಳೆ ಹೋದವರ ಪಾಡು ನಿಮಗೆ ಗೊತ್ತೇ ಇದೆ. ಮಗ ಸೊಸೆ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋದರೆ, ಕೂಸು ನೋಡಿಕೊಳ್ಳಲು ಅಜ್ಜಿಯೂ ಹೋಗಬೇಕು. ಎರಡು ತಿಂಗಳು ತಪ್ಪಿದರೆ ಮೂರನೆಯ ತಿಂಗಳು ಒಟ್ಟಿಗೆ ಕೊಡುತ್ತಾರೆ. ಮೂರೂ ತಪ್ಪಿದರೆ ಊರು ಬಿಟ್ಟವರೆಂದು ಪಿಂಚಣಿ ನಿಲ್ಲಿಸುತ್ತಾರೆ.

ಹಳೆಯ ಬಾಕಿ ಕೇಳುವುದು ದುರಾಸೆಯೇ? 2024ರ ಜುಲೈ 1 ನೆನಪಿಸಿಕೊಳ್ಳಿ. ಅಂದು ಪ್ರತಿ ವೃದ್ಧಾಪ್ಯ ಪಿಂಚಣಿದಾರರ ಕೈಗೆ ಏಳು ಸಾವಿರ ಬಂತು. ಏರಿಸಿದ ನಾಲ್ಕು ಸಾವಿರ, ಜೊತೆಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಏರಿಕೆಯ ಬಾಕಿ ಮೂರು ಸಾವಿರ. ಹಿಂದಿನ ತಿಂಗಳುಗಳ ಲೆಕ್ಕ ಹಾಕಿ ಕೊಡಲು ಸರ್ಕಾರಕ್ಕೆ ಬರುತ್ತದೆ ಎಂದಾಯಿತಲ್ಲ! (ಕೇಂದ್ರದ ಮಾತು ಆಡುವುದೇ ಬೇಡ. ಎಂಬತ್ತರೊಳಗಿನ ವೃದ್ಧರಿಗೆ ಅದರ ಪಾಲು 200 ರೂಪಾಯಿ, ಅದೂ ಹದಿನೈದು ವರ್ಷಕ್ಕೂ ಮೇಲಿನಿಂದ.)

ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಹೆಂಗಸರು ಇಂಥದೇ ಪರಿಹಾರಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿದ್ದಾರೆ. ಅವರ ಪಿಂಚಣಿಯ ವಯಸ್ಸನ್ನು ಅರವತ್ತರಿಂದ ಏರಿಸಿದರು, ಆದರೆ ಸರಿಯಾದ ಸಮಯಕ್ಕೆ ತಿಳಿಸಲಿಲ್ಲ. ಅಲ್ಲಿನ ಓಂಬುಡ್ಸ್‌ಮನ್ 2024ರ ಮಾರ್ಚ್‌ನಲ್ಲಿ ತಲಾ 1,000ದಿಂದ 2,950 ಪೌಂಡ್ ಪರಿಹಾರ ಸೂಚಿಸಿದರು. ಡಿಸೆಂಬರ್‌ನಲ್ಲಿ ಸರ್ಕಾರ ತಡವಾಗಿ ತಿಳಿಸಿದ್ದಕ್ಕೆ ಕ್ಷಮೆ ಕೇಳಿತು, ಹಣ ಕೊಡುವುದಿಲ್ಲ ಎಂದಿತು. ಆ ಹೆಂಗಸರು ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ಅವರಿಗೆ ಪತ್ರ ತಡವಾಯಿತು. ನಮ್ಮ ತಾಯಂದಿರಿಗೆ ಪತ್ರ ಬಂದರೂ ತೆಲುಗಿನಲ್ಲಿ ಬರುತ್ತದೆ, ಕನ್ನಡ ಮನೆಮಾತಿನ ಅವ್ವ ಅದನ್ನು ಓದಿಸಲು ಮೊಮ್ಮಗನನ್ನು ಹುಡುಕಬೇಕು.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ತೆಗೆದು ನೋಡಿ. ದಿನದ ಹಂಚಿಕೆಯಲ್ಲಿ ಬೇರೆ ಭಾಷೆಯ ವಿಧವೆಯರಿಗೆ ಪಾಲು ತಪ್ಪುತ್ತಿತ್ತು, ಜನ ಗೊಣಗಿದರು. ಪ್ರೇಷಿತರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ, ಹಂಚಿಕೆ ನೋಡಿಕೊಳ್ಳಲು ಏಳು ಜನರನ್ನು ನೇಮಿಸಿದರು. ಹಾಗಾದರೆ ನಾವು ಬಲಿಪೂಜೆ ಮುಗಿಸಿ ಕ್ರಿಕೆಟ್ ಬ್ಯಾಟು ಹಿಡಿದು ಓಡುವುದು ಹೇಗೆ?

ನಾವು ಕೇಳುವುದು ಇಷ್ಟು. ಅರವತ್ತು ದಾಟಿದ ಹೆಂಗಸಿಗೆ, ಗಂಡ ಇರಲಿ ಇಲ್ಲದಿರಲಿ, ಅವಳ ಹೆಸರಿನಲ್ಲೇ ಪಿಂಚಣಿ ಬೇಕು. ಕಾರ್ಡಿನ ತಪ್ಪಿನಿಂದ, ಗುಳೆಯಿಂದ ಕಳೆದುಹೋದ ತಿಂಗಳುಗಳ ಬಾಕಿ ಬೇಕು. ಅರ್ಜಿ, ಪತ್ರ ಕನ್ನಡದಲ್ಲೂ ಬೇಕು.

ಬರುವ ಭಾನುವಾರ ಪೂಜೆಯ ನಂತರ ಗುಡಿಯ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂರುತ್ತೇವೆ. ಅವ್ವಂದಿರನ್ನು ಕರೆತನ್ನಿ, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಅರ್ಜಿ ನಾವೇ ಬರೆದುಕೊಡುತ್ತೇವೆ. ಸೋಮವಾರ ಅವನ್ನೆಲ್ಲ ಹಿಡಿದು ಆದೋನಿಯ ಸಬ್ ಕಲೆಕ್ಟರ್ ಕಚೇರಿಗೆ ಹೋಗೋಣ. ಬೆಳಗಿನ ರೈಲಿಗೆ ಬನ್ನಿ, ಬುತ್ತಿ ಕಟ್ಟಿಕೊಂಡು ಬನ್ನಿ, ಅಲ್ಲಿ ಸಾಲು ಉದ್ದ ಇರುತ್ತದೆ.