31,834 ಮತಗಳ ಜನಾದೇಶ

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬರುವವರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗುವ ಅವರ ಹೊಣೆ ನಮ್ಮ ಮುಖ್ಯಮಂತ್ರಿಗಳ ಹೊಣೆಗೆ ಸಮೀಪವಾದುದು. 2010ರ ಇಲಿನಾಯ್ ಚುನಾವಣೆಯನ್ನು ಈ ದೃಷ್ಟಿಯಿಂದಲೇ ನೋಡಬೇಕು.

ಭ್ರಷ್ಟಾಚಾರದ ಆರೋಪಕ್ಕೆ ಗುರಿಯಾದ ರಾಡ್ ಬ್ಲಾಗೋಯೆವಿಚ್ 2009ರ ಜನವರಿಯಲ್ಲಿ ಪದಚ್ಯುತರಾದಾಗ, ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಡೆಮಾಕ್ರಟಿಕ್ ಪಕ್ಷದ ಪ್ಯಾಟ್ ಕ್ವಿನ್ ಆ ಸ್ಥಾನಕ್ಕೇರಿದರು. ಮರುವರ್ಷದ ನವೆಂಬರ್‌ನಲ್ಲಿ ಅವರು ರಿಪಬ್ಲಿಕನ್ ಪಕ್ಷದ ಬಿಲ್ ಬ್ರಾಡಿ ಅವರನ್ನು ಸೋಲಿಸಿದ್ದು 31,834 ಮತಗಳಿಂದ. ಚಲಾವಣೆಯಾದದ್ದು 37 ಲಕ್ಷಕ್ಕೂ ಹೆಚ್ಚು. ಕ್ವಿನ್ ಪಾಲು ಶೇ 46.8. ಬ್ರಾಡಿ ತಮ್ಮ ಪಕ್ಷದ ಉಮೇದುವಾರಿಕೆ ಪಡೆದದ್ದೇ ಕೇವಲ 193 ಮತಗಳ ಅಂತರದಿಂದ ಎಂಬುದು ಬೇರೆ ಮಾತು.

102 ಕೌಂಟಿಗಳ ಪೈಕಿ ಕ್ವಿನ್ ಗೆದ್ದದ್ದು ನಾಲ್ಕರಲ್ಲಿ. ಷಿಕಾಗೊ ನಗರವನ್ನು ಒಳಗೊಂಡ ಕುಕ್ ಕೌಂಟಿ ಅವರನ್ನು ದಡ ಸೇರಿಸಿತು. ನಗರವೊಂದು ಇಡೀ ರಾಜ್ಯದ ಮೇಲೆ ತನ್ನ ಇಚ್ಛೆಯನ್ನು ಹೇರಿತೆಂಬ ವಾದವನ್ನು ನಾನು ಒಪ್ಪಲಾರೆ. ರಾಜ್ಯದ ಪ್ರತಿ ಐವರಲ್ಲಿ ಇಬ್ಬರು ವಾಸಿಸುವುದು ಆ ಒಂದೇ ಕೌಂಟಿಯಲ್ಲಿ. ಮತ ಹಾಕುವವರು ಮನುಷ್ಯರೇ ಹೊರತು ಎಕರೆಗಳಲ್ಲ.

ಇದಕ್ಕಿಂತ ತೂಕದ ಪ್ರಶ್ನೆ ಇನ್ನೊಂದಿದೆ. ಅರ್ಧಕ್ಕಿಂತ ಹೆಚ್ಚು ಮತದಾರರ ಒಪ್ಪಿಗೆಯಿಲ್ಲದೆ ಗೆದ್ದವರು ದೂರಗಾಮಿ ನಿರ್ಧಾರ ಕೈಗೊಳ್ಳಬಹುದೇ? ಶಿಕ್ಷಣಕ್ಕಾಗಿ ವೈಯಕ್ತಿಕ ಆದಾಯ ತೆರಿಗೆಯನ್ನು ಶೇ 3ರಿಂದ 4ಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿದ್ದ ಕ್ವಿನ್, 2011ರ ಜನವರಿಯಲ್ಲಿ ಅದನ್ನು ಶೇ 5ಕ್ಕೇರಿಸುವ ಮಸೂದೆಗೆ ಸಹಿ ಹಾಕಿದರು. ಖಜಾನೆ ಬರಿದಾಗಿತ್ತೆಂಬುದು ನಿಜ. ಆದರೂ ಚುನಾವಣೆಗೆ ಮುಂಚೆ ಒಂದು ಲೆಕ್ಕ, ನಂತರ ಇನ್ನೊಂದು ಲೆಕ್ಕ ಎಂಬುದು ಸಮರ್ಥನೀಯವಲ್ಲ.

ಮರಣದಂಡನೆಯ ವಿಷಯ ಹಾಗಲ್ಲ. 1977ರಲ್ಲಿ ಈ ಶಿಕ್ಷೆಯನ್ನು ಮತ್ತೆ ಜಾರಿಗೆ ತಂದ ಇಲಿನಾಯ್ 12 ಮಂದಿಯ ಜೀವ ತೆಗೆದಿತ್ತು. 2000ದ ವೇಳೆಗೆ ಮರಣದಂಡನೆಗೆ ಗುರಿಯಾಗಿದ್ದ 13 ಮಂದಿ ದೋಷಮುಕ್ತರಾಗಿ ಹೊರಬಂದಿದ್ದರು. ಈ ಅಂಕಿಗಳಿಂದ ಕಳವಳಗೊಂಡ ರಿಪಬ್ಲಿಕನ್ ಗವರ್ನರ್ ಜಾರ್ಜ್ ರಯಾನ್ ಶಿಕ್ಷೆಯ ಜಾರಿಯನ್ನೇ ತಡೆಹಿಡಿದರು. ಕ್ವಿನ್ ಸ್ವತಃ ಮರಣದಂಡನೆಯ ಪರವಾಗಿದ್ದವರು, ಅದರ ರದ್ದತಿಗೆಂದು ಮತ ಕೇಳಿದವರಲ್ಲ. ಶಾಸನಸಭೆ ಅಂಗೀಕರಿಸಿ ಕಳುಹಿಸಿದ ಮಸೂದೆಯನ್ನು ಅವರು ಸುಮಾರು ಎರಡು ತಿಂಗಳು ಪರಾಮರ್ಶಿಸಿ, 2011ರ ಮಾರ್ಚ್ 9ರಂದು ಸಹಿ ಹಾಕಿದರು. ಉಳಿದಿದ್ದ 15 ಕೈದಿಗಳ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಹೆಚ್ಚು ವಸೂಲಾದ ತೆರಿಗೆಯನ್ನು ಮುಂದಿನ ಸರ್ಕಾರ ಇಳಿಸಬಹುದು. ತಪ್ಪಾಗಿ ತೆಗೆದ ಜೀವವನ್ನು ಯಾವ ಬಹುಮತವೂ ಮರಳಿ ಕೊಡಲಾರದು. ಆದ್ದರಿಂದ ಇಲ್ಲಿ ಗೆಲುವಿನ ಅಂತರವನ್ನು ಎಣಿಸುತ್ತ ಕೂರುವುದೇ ಅಸಂಗತವೆಂದು ನನಗನಿಸುತ್ತದೆ.

2014ರಲ್ಲಿ ಮತದಾರರು ಕ್ವಿನ್ ಬದಲು ಬ್ರೂಸ್ ರೌನರ್ ಅವರನ್ನು ಆರಿಸಿದರು. ಏರಿಕೆಯ ನಿಗದಿತ ಅವಧಿ ಮುಗಿದು 2015ರ ಜನವರಿಯಲ್ಲಿ ತೆರಿಗೆ ಶೇ 3.75ಕ್ಕೆ ಇಳಿಯಿತು. ಮರಣದಂಡನೆ ಮಾತ್ರ ಇಲಿನಾಯ್‌ಗೆ ಮರಳಿಲ್ಲ.