ವ್ಯಾನಿನ ಬಾಗಿಲು ‘ಟಕ್’ ಎಂದಿತೇ?

ರಜೆ ಬಂತೆಂದರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಮನೆಮಂದಿ ವ್ಯಾನ್ ಹತ್ತಿ ಚಿಂಚೋಳಿ ದಾರಿ ಹಿಡಿದು ಚಂದ್ರಂಪಳ್ಳಿ ಡ್ಯಾಂ ನೋಡಲು ಹೊರಡುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಮಾರುತಿ ಓಮ್ನಿ. 1984ರಲ್ಲಿ ಬಂದ ಆ ವ್ಯಾನಿನ ತಯಾರಿಕೆ 2019ಕ್ಕೆ ನಿಂತಿತು. ಈಗ ಓಡುವ ಓಮ್ನಿಗಳೆಲ್ಲ ಹಳೆಯವೇ, ನನ್ನ ಮೊಣಕಾಲಿನ ಹಾಗೆ!

ಮಕ್ಕಳೇ, ಅದರ ಬಾಗಿಲು ಪುಟ್ಟ ಚಕ್ರಗಳ ಮೇಲೆ ಹಳಿಯಲ್ಲಿ ಜಾರುತ್ತದೆ. ನಮ್ಮ ಕಡೆಯ ಕಲ್ಲುಗಣಿ, ಸಿಮೆಂಟಿನ ಧೂಳು ಹಳಿಯೊಳಗೆ ಕೂತರೆ ಚಕ್ರ ಸವೆದು ಬಾಗಿಲು ಜೋತುಬೀಳುತ್ತದೆ. ಆಗ ಚಿಲಕ ಅರ್ಧಕ್ಕೇ ನಿಲ್ಲಬಹುದು. ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ತಿರುವಿನಲ್ಲಿ ಮಗು ಒರಗಿದರೆ ಅಪಾಯ.

ಗುಂಡಿ ಒತ್ತಿದರೆ ಮೋಟಾರಿನಿಂದ ಜಾರುವ ಬಾಗಿಲೂ ಇದಕ್ಕೆ ಹೊರತಲ್ಲ. ಬಾಗಿಲು ಸಿಕ್ಕಿಕೊಂಡು, ಮೋಟಾರಿಗೆ ಭಾರ ಬಿದ್ದು, ಫ್ಯೂಸ್ ಹೋದರೆ ಚಿಲಕ ಬಿಚ್ಚಿಯೇ ಉಳಿದು, ಓಡುವಾಗ ಬಾಗಿಲು ತೆರೆದುಕೊಳ್ಳಬಹುದು. ಇದೇ ಕಾರಣಕ್ಕೆ 2016ರಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಲಕ್ಷಾಂತರ ಸಿಯೆನ್ನಾ ವ್ಯಾನುಗಳನ್ನು ರಿಪೇರಿಗೆ ವಾಪಸ್ ಕರೆಸಿತು.

ಅಜ್ಜ–ಅಜ್ಜಿಯರೇ, ಹೊರಡುವ ಮುನ್ನ ಹಿಡಿಕೆ ಮುಟ್ಟದೆ ಬಾಗಿಲನ್ನು ಹಿಂದಕ್ಕೆ ತಳ್ಳಿ ನೋಡಿ. ಜರುಗಿದರೆ ಮತ್ತೆ ಮುಚ್ಚಿ. ಮತ್ತೂ ಜರುಗಿದರೆ ಪ್ರಯಾಣ ನಾಳೆಗಿರಲಿ, ವ್ಯಾನ್ ಮೆಕ್ಯಾನಿಕ್ ಹತ್ತಿರ ಹೋಗಲಿ. ಹಗ್ಗ ಕಟ್ಟಿ ಹೊರಡಬೇಡಿ. ಅವಸರದಲ್ಲಿ ಇಳಿಯಬೇಕಾದರೆ ಅದೇ ಅಡ್ಡಿ. ವಾರಕ್ಕೊಮ್ಮೆ ಹಳಿಯ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ.

ಮಕ್ಕಳೇ, ಹಳಿಯ ಹತ್ತಿರ ಬೆರಳಿಡಬೇಡಿ, ಬಾಗಿಲಿಗೆ ಒರಗಬೇಡಿ. ‘ಟಕ್’ ಕೇಳದಿದ್ದರೆ “ನಿಲ್ಲಿಸಿ” ಎಂದು ಕೂಗಿ. ನಮ್ಮ ಕಿವಿ ಮಂದ, ನಿಮ್ಮದು ಚುರುಕು.